ಗ್ಲಾಸಿನ ಜೊತೆ ಖಾರ ಶೇಂಗಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ನಾಲ್ಕು ಜನ ಕೂತರೆ ಗ್ಲಾಸಿಗಿಂತ ಮೊದಲು ಶೇಂಗಾದ ಪ್ಲೇಟು ಬರುತ್ತದೆ. ಗ್ಲಾಸಿನಲ್ಲಿ ಬಿಯರ್ ಇರಲಿ, ಮಜ್ಜಿಗೆ ಇರಲಿ, ಪ್ಲೇಟು ಮಾತ್ರ ಅದೇ. ಮನೆಗೆ ಬಂದವರು ತಿನ್ನುತ್ತಾ ಕೇಳಿದ್ದು, ಫೋನ್ ಮಾಡಿ ಕೇಳಿದ್ದು, ಬರೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಕೈ ಪಳಗಿದವರು ನೇರ ಕೆಳಗೆ ಹೋಗಿ.

## ಶುರು ಮಾಡುವವರಿಗೆ

ಅಣ್ಣಾ, ಯಾವ ಶೇಂಗಾ ತರಬೇಕು? ಅಂಗಡಿಯಲ್ಲಿ ನಾಲ್ಕೈದು ತರ ಇಟ್ಟಿರ್ತಾರೆ

ಸಣ್ಣದು, ದುಂಡಗಿನದು, ತಿಳಿ ಗುಲಾಬಿ ಸಿಪ್ಪೆಯದು ತನ್ನಿ. ನಮ್ಮ ಕಡೆ ಮಳೆಯಾಶ್ರಿತ ಹೊಲಗಳಲ್ಲಿ ಬಹಳ ವರ್ಷಗಳಿಂದ ಬೆಳೆದದ್ದು ಇದೇ ಜಾತಿ. ಟಿಎಂವಿ-2 ಅಂತ ಹಳೇ ರೈತರು ಈಗಲೂ ಹೇಳುತ್ತಾರಲ್ಲ, ಅದು ತಮಿಳುನಾಡಿನ ತಿಂಡಿವನಂ ಕೃಷಿ ಸಂಶೋಧನಾ ಕೇಂದ್ರದ ತಳಿ, 1940ರಲ್ಲಿ ಬಂದದ್ದು. ಈಗ ಆಂಧ್ರದ ಕದಿರಿ ಕೇಂದ್ರದ ತಳಿಗಳೂ ಬೇಕಾದಷ್ಟು ಸಿಗುತ್ತವೆ. ಉದ್ದನೆಯ ದೊಡ್ಡ ಕಾಳು ನೋಡಲು ಚೆಂದ, ಆದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಕಪ್ಪಾಗುತ್ತದೆ. ಸಣ್ಣ ಕಾಳು ಒಳಗೂ ಹೊರಗೂ ಒಂದೇ ಸಮ ಹುರಿಯುತ್ತದೆ.

ಕೊಳ್ಳುವಾಗ ಒಂದು ಕಾಳು ಬಾಯಿಗೆ ಹಾಕಿ ನೋಡಿ, ಅಂಗಡಿಯವರು ಬೇಡ ಅನ್ನುವುದಿಲ್ಲ. ಟಕ್ಕನೆ ಮುರಿಯಬೇಕು, ಕೊನೆಯಲ್ಲಿ ಸ್ವಲ್ಪ ಸಿಹಿ ಉಳಿಯಬೇಕು. ಮೆತ್ತಗೆ ಬಾಗಿದರೆ ಒಣಗಿಲ್ಲ. ಕಮಟು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ, ಮಸಾಲೆ ಹಾಕಿದರೂ ಆ ವಾಸನೆ ಮುಚ್ಚುವುದಿಲ್ಲ.

ಸಿಪ್ಪೆ ತೆಗೀಬೇಕಾ, ಹಾಗೇ ಇರ್ಲಾ?

ಮಸಾಲೆ ಹೊರಳಿಸುವ ಶೇಂಗಾಕ್ಕೆ ತೆಗೆಯಿರಿ. ಕಡಲೆಹಿಟ್ಟು ಹಚ್ಚಿ ಕರಿಯುವುದಕ್ಕೆ ಇಟ್ಟುಕೊಳ್ಳಿ. ಸಿಪ್ಪೆ ಇದ್ದರೆ ಖಾರಪುಡಿ ಸಿಪ್ಪೆಗೆ ಅಂಟುತ್ತದೆ, ಕಾಳಿಗೆ ಅಂಟುವುದಿಲ್ಲ, ಕೈಯಲ್ಲಿ ಹಿಡಿದಾಗ ಸಿಪ್ಪೆ ಉದುರಿದರೆ ಅದರ ಜೊತೆ ಮಸಾಲೆಯೂ ಹೋಯಿತು. ಹಿಟ್ಟಿಗೆ ಮಾತ್ರ ಆ ಒರಟು ಸಿಪ್ಪೆ ಹಿಡಿತ ಕೊಡುತ್ತದೆ.

ತೀರಾ ಸುಲಭದ್ದು ಒಂದು ಅಳತೆ ಹೇಳಿ, ಮೊದಲನೇ ಸಲ ಮಾಡ್ತಿರೋದು

ಅರ್ಧ ಕೆಜಿ ಶೇಂಗಾ. ಶೇಂಗಾ ಎಣ್ಣೆ ಎರಡು ದೊಡ್ಡ ಚಮಚ. ಬೆಳ್ಳುಳ್ಳಿ ಹತ್ತು ಹನ್ನೆರಡು ಎಸಳು, ಸಿಪ್ಪೆ ಸಮೇತ ಸುಮ್ನೆ ಜಜ್ಜಿದ್ದು. ಕರಿಬೇವು ಮೂರು ಕಡ್ಡಿ. ಬ್ಯಾಡಗಿ ಖಾರಪುಡಿ ಎರಡು ಟೀ ಚಮಚ, ಪುಡಿ ಉಪ್ಪು ಒಂದೂಕಾಲು ಟೀ ಚಮಚ, ಅರಿಶಿನ ಕಾಲು, ಆಮಚೂರು (ಒಣ ಮಾವಿನಕಾಯಿ ಪುಡಿ) ಒಂದು, ಪುಡಿ ಸಕ್ಕರೆ ಅರ್ಧ. ಇಂಗು ಒಂದು ಚಿಟಿಕೆ.

ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ ಶೇಂಗಾ ಹುರಿಯಿರಿ. ಅರ್ಧ ಕೆಜಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಕೈ ಬಿಡಬೇಡಿ, ಫೋನ್ ಬಂದರೆ ಉರಿ ಆರಿಸಿ ಹೋಗಿ. ತಣ್ಣಗಾದ ಮೇಲೆ ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಅದೇ ಬಾಣಲೆಗೆ ಎಣ್ಣೆ ಹಾಕಿ, ಬೆಳ್ಳುಳ್ಳಿ ಕೆಂಪಗಾಗುವವರೆಗೆ ಬಾಡಿಸಿ, ಕರಿಬೇವು ಹಾಕಿ ಚಟಪಟ ನಿಲ್ಲುವವರೆಗೆ ಕಾಯಿರಿ. ಇಂಗು, ಅರಿಶಿನ ಹಾಕಿ. ಉರಿ ಆರಿಸಿ. ಒಂದು ನಿಮಿಷ ಬಿಟ್ಟು ಖಾರಪುಡಿ, ಉಪ್ಪು ಹಾಕಿ ತಕ್ಷಣ ಶೇಂಗಾ ಸುರಿದು ಹೊರಳಿಸಿ. ಆಮಚೂರು, ಸಕ್ಕರೆ ಕೊನೆಗೆ.

ಇಷ್ಟೇ. ಖಾರ ಕಡಿಮೆ ಅನ್ನಿಸಿದರೂ ಈ ಅಳತೆಯಲ್ಲೇ ಒಂದು ಸಲ ಮಾಡಿ. ಯಾಕೆ ಅಂತ ಕೆಳಗೆ ಬರುತ್ತದೆ.

ಹುರಿದಿದ್ದು ಸಾಕು ಅಂತ ಹೆಂಗ್ ಗೊತ್ತಾಗ್ಬೇಕ್ರೀ?

ಎಲ್ಲಕ್ಕಿಂತ ಜಾಸ್ತಿ ಕೇಳುವುದು ಇದನ್ನೇ, ಎಲ್ಲಕ್ಕಿಂತ ಮುಖ್ಯವೂ ಇದೇ. ಬಾಣಲೆಯಲ್ಲಿ ಇರುವಾಗ ಗರಿಗರಿ ಆಗಿದೆಯಾ ಅಂತ ತಿಂದು ನೋಡಿದರೆ ಗೊತ್ತಾಗುವುದಿಲ್ಲ. ಬಿಸಿ ಶೇಂಗಾ ಯಾವಾಗಲೂ ಮೆತ್ತಗೇ ಇರುತ್ತದೆ. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಇದು ಗೊತ್ತಿಲ್ಲದೆ ಜನ ಇನ್ನೂ ಐದು ನಿಮಿಷ ಹುರಿದು ಕಪ್ಪು ಮಾಡುತ್ತಾರೆ.

ನೋಡಬೇಕಾದದ್ದು ಬೇರೆ. ಮೊದಲು ಸದ್ದು. ಶುರುವಿನಲ್ಲಿ ಕಾಳು ಬಾಣಲೆಗೆ ಬಡಿದಾಗ ಮಂದವಾಗಿ ಕೇಳುತ್ತದೆ, ತೇವ ಹೋದ ಹಾಗೆ ಸದ್ದು ಹಗುರಾಗುತ್ತದೆ, ನಡುವೆ ಒಂದೊಂದು ಕಾಳು ಚಟ್ ಅನ್ನುತ್ತದೆ. ಆಮೇಲೆ ಸಿಪ್ಪೆ. ಬೆರಳಲ್ಲಿ ತಿಕ್ಕಿದರೆ ಹಾಳೆಯಂತೆ ಬಿಟ್ಟುಕೊಳ್ಳಬೇಕು. ಕೊನೆಯದು ಬೇಳೆಯ ಒಳಬಣ್ಣ. ಒಂದು ಕಾಳು ತೆಗೆದು ಎರಡು ಹೋಳು ಮಾಡಿ, ಮಧ್ಯದಲ್ಲಿ ಮೊಳಕೆ ಕೂತಿರುತ್ತದಲ್ಲ, ಅದರ ಅಕ್ಕಪಕ್ಕ ನೋಡಿ. ಬೆಳ್ಳಗಿದ್ದರೆ ಇನ್ನೂ ಹಸಿ. ತಿಳಿ ಕೆನೆ ಬಣ್ಣಕ್ಕೆ ತಿರುಗಿದ್ದರೆ ತೆಗೆಯುವ ಹೊತ್ತು. ಗೋಧಿ ಬಣ್ಣ ಬರುವವರೆಗೆ ಕಾಯಬೇಡಿ, ಕಾಳಿನೊಳಗೆ ಉಳಿದ ಬಿಸಿಯಿಂದ ಕೆಳಗಿಳಿಸಿದ ಮೇಲೂ ಬಣ್ಣ ಏರುತ್ತದೆ. ತಕ್ಷಣ ಅಗಲ ತಟ್ಟೆಗೆ ಸುರಿದು ಹರಡಿ. ಬಾಣಲೆಯಲ್ಲೇ ಬಿಟ್ಟರೆ ತಳದವು ಸುಡುತ್ತವೆ.

ಎಷ್ಟು ಜನಕ್ಕೆ ಎಷ್ಟು ಮಾಡ್ಬೇಕು?

ತಲೆಗೆ 40ರಿಂದ 50 ಗ್ರಾಂ. ಅರ್ಧ ಕೆಜಿ ಹತ್ತು ಜನಕ್ಕೆ ಸಾಕು, ಬೇರೆ ತಿಂಡಿಯೂ ಇದ್ದರೆ ಉಳಿಯುತ್ತದೆ. ಕ್ರಿಕೆಟ್ ಮ್ಯಾಚ್ ಇದ್ದರೆ ಲೆಕ್ಕ ಬಿಡಿ, ಒಂದು ಕೆಜಿ ಮಾಡಿ.

ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ. ಮಜ್ಜಿಗಿ, ಶರಬತ್ತಿಗೆ ಹೊಂದ್ತದಾ?

ಹೊಂದದೆ ಏನು! ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ. ಮಜ್ಜಿಗೆಗೆ ಬೆಳ್ಳುಳ್ಳಿ, ಕರಿಬೇವು ಜಾಸ್ತಿ ಹಾಕಿದ್ದು ಚೆನ್ನಾಗಿರುತ್ತದೆ, ಆಮಚೂರು ಬಿಡಿ, ಹುಳಿ ಮೇಲೆ ಹುಳಿ ಆಗುತ್ತದೆ. ನಿಂಬೆ ಶರಬತ್ತಿಗೂ ಅಷ್ಟೇ. ಸೋಡಾ ಇದ್ದರೆ ಖಾರ ಇನ್ನೂ ಸ್ವಲ್ಪ ಇಳಿಸಿ, ಗುಳ್ಳೆಗಳು ನಾಲಿಗೆಯನ್ನು ಚುಚ್ಚುವುದರಿಂದ ಖಾರ ಚುರುಕಾಗಿ ತಾಗುತ್ತದೆ. ಬಿಯರ್‌ ಕಹಿ, ಆದ್ದರಿಂದ ಅದಕ್ಕೆ ಉಪ್ಪು, ಹುಳಿ ಎರಡೂ ಇರುವುದು ಬೇಕು. ವಿಸ್ಕಿ, ರಮ್‌ ಕುಡಿಯುವವರಿಗೆ ಹುಳಿ ಕಡಿಮೆ ಮಾಡಿ ಕಾಳುಮೆಣಸು ಹಾಕಿ.

ಬೆಂಗಳೂರಿನ ಕಾಂಗ್ರೆಸ್ ಕಡ್ಲೆಕಾಯಿ ಅಂದ್ರೆ ಇದೇನಾ?

ನೆಂಟರು, ಆದರೆ ಒಂದೇ ಅಲ್ಲ. ಅದರಲ್ಲಿ ಶೇಂಗಾ ಎರಡು ಹೋಳಾಗಿರುತ್ತದೆ, ಮೆಣಸು, ಅರಿಶಿನ, ಇಂಗು, ಕರಿಬೇವು ಮುಂದೆ ನಿಲ್ಲುತ್ತವೆ. ನಮ್ಮದರಲ್ಲಿ ಬೆಳ್ಳುಳ್ಳಿ ಮತ್ತು ಕೆಂಪು ಖಾರ ಮುಂದೆ.

## ಮಾಡುವಾಗ ಕೈ ಕೊಡುವ ಜಾಗಗಳು

ಮಸಾಲಿ ಎಲ್ಲಾ ಡಬ್ಬಿ ತಳಕ್ಕ ಕೂಡ್ತದ, ಶೇಂಗಾ ಬರೇ ಬೆಳ್ಳಗ. ಯಾಕ?

ಮೂರು ಕಾರಣ. ಎಣ್ಣೆ ಕಡಿಮೆ, ಶೇಂಗಾ ತಣ್ಣಗಿತ್ತು, ಇಲ್ಲವೇ ಪುಡಿ ದಪ್ಪ. ಖಾರಪುಡಿಗೆ ಅಂಟಿಕೊಳ್ಳಲು ಕಾಳಿನ ಮೇಲೆ ತೆಳ್ಳಗೆ ಎಣ್ಣೆ ಇರಬೇಕು, ಕಾಳು ಕೈಗೆ ತಡೆಯುವಷ್ಟು ಬೆಚ್ಚಗಿರಬೇಕು. ಸಿಪ್ಪೆ ತೆಗೆಯುವಾಗ ಶೇಂಗಾ ಪೂರ್ತಿ ಆರಿದ್ದರೆ ಒಗ್ಗರಣೆಗೆ ಹಾಕುವ ಮೊದಲು ಎರಡು ನಿಮಿಷ ಮತ್ತೆ ಬೆಚ್ಚಗೆ ಮಾಡಿಕೊಳ್ಳಿ.

ಪುಡಿಯ ವಿಷಯಕ್ಕೆ ಬಂದರೆ, ಅಂಗಡಿ ಉಪ್ಪನ್ನೂ ಒಂದು ಸಲ ಮಿಕ್ಸಿಗೆ ಹಾಕಿ. ಉಪ್ಪು, ಖಾರ, ಆಮಚೂರು, ಸಕ್ಕರೆ ನಾಲ್ಕನ್ನೂ ಒಟ್ಟಿಗೆ ತಿರುಗಿಸಿ ಗಂಧದಂತೆ ನುಣ್ಣಗೆ ಮಾಡಿಟ್ಟುಕೊಂಡರೆ ತಳಕ್ಕೆ ಬೀಳುವುದು ಬಹಳ ಕಡಿಮೆ. ನೀರು ಚಿಮುಕಿಸಿ ಅಂಟಿಸುವ ಉಪಾಯ ಹೇಳುವವರಿದ್ದಾರೆ. ಕೇಳಬೇಡಿ, ಮರುದಿನ ಶೇಂಗಾ ಮೆತ್ತಗಾಗಿರುತ್ತದೆ.

ಖಾರಪುಡಿ ಹಾಕಿದ ತಕ್ಷಣ ಕಪ್ಪಾಗಿ ಮನೆಯೆಲ್ಲಾ ಕೆಮ್ಮು

ಎಣ್ಣೆ ವಿಪರೀತ ಕಾದಿತ್ತು. ಖಾರಪುಡಿ ಸುಡಲು ಹೆಚ್ಚು ಹೊತ್ತು ಬೇಡ, ಕೆಲವೇ ಸೆಕೆಂಡಿನಲ್ಲಿ ಕೆಂಪು ಹೋಗಿ ಕಂದಾಗುತ್ತದೆ, ಕಹಿ ಬರುತ್ತದೆ. ಅದಕ್ಕೇ ಉರಿ ಆರಿಸಿ ಒಂದು ನಿಮಿಷ ಕಾಯಿರಿ ಅಂದದ್ದು. ಅನುಮಾನ ಇದ್ದರೆ ಒಂದು ಚಿಟಿಕೆ ಹಾಕಿ ನೋಡಿ. ಸಣ್ಣಗೆ ನೊರೆ ಬಂದು ಎಣ್ಣೆ ಕೆಂಪಾದರೆ ಸರಿ. ಹೊಗೆ ಬಂದರೆ ಇನ್ನೂ ಬಿಸಿ ಇದೆ. ಕಬ್ಬಿಣದ ಬಾಣಲೆ ಬಿಸಿಯನ್ನು ಬಹಳ ಹೊತ್ತು ಹಿಡಿದಿರುತ್ತದೆ, ಅದರಲ್ಲಿ ಮಾಡುವವರು ಎರಡು ನಿಮಿಷ ಕಾಯುವುದೇ ಒಳ್ಳೆಯದು.

ಯಾವ ಮೆಣಸಿನಕಾಯಿ? ಬ್ಯಾಡಗಿ ಸಾಕಾ, ಗುಂಟೂರು ಬೇಕಾ?

ಬಣ್ಣ, ಪರಿಮಳ ಬ್ಯಾಡಗಿಯದು. ಕಾವು ಗುಂಟೂರಿನದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್, ಅಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಅನ್ನುವ ಮಾನ್ಯತೆ) ಸಿಕ್ಕಿದೆ, ಅದರಲ್ಲೂ ಎರಡು ಬಗೆ. ಕಡ್ಡಿ ಅಂದರೆ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಡಬ್ಬಿ ಅಂದರೆ ಗಿಡ್ಡ, ದಪ್ಪ, ಕಡುಗೆಂಪು, ಖಾರ ಇನ್ನೂ ಕಡಿಮೆ. ಬ್ಯಾಡಗಿ ಊರು ಹಾವೇರಿ ಜಿಲ್ಲೆಯದಾದರೂ ಬಳ್ಳಾರಿ, ರಾಯಚೂರು ಸೀಮೆಯ ಹೊಲಗಳ ಕಾಯಿಯೂ ಆ ಮಾರುಕಟ್ಟೆಗೆ ಲಾರಿಗಟ್ಟಲೆ ಹೋಗುತ್ತದೆ.

ನಾನು ಹಾಕುವುದು ನಾಲ್ಕು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು, ಅದೂ ಬಿಯರ್ ಜೊತೆಗಾದರೆ ಮಾತ್ರ. ಉಳಿದಂತೆ ಬರೀ ಬ್ಯಾಡಗಿ. ಪೊಟ್ಟಣದ ಪುಡಿ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಗ್ಲಾಸು ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಬಣ್ಣ ಬೆರೆಸಿದ್ದರೆ ಕೆಂಪು ಗೆರೆಗಳು ತಕ್ಷಣ ಕೆಳಗಿಳಿಯುತ್ತವೆ.

ನಾನು ರುಚಿ ನೋಡಿದಾಗ ಸರಿ ಇತ್ತು, ಬಂದವರು ಮಾತ್ರ ಖಾರ ಖಾರ ಅಂತ ಬಾಯಿ ಬಾಯಿ ಬಿಟ್ಟರು. ಇದೇನು ಆಟ?

ಆಟ ಗ್ಲಾಸಿನದು. ಮೆಣಸಿನಕಾಯಿಯ ಖಾರ ನಿಜವಾಗಿ ರುಚಿ ಅಲ್ಲ, ಉರಿ. ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರಗಳೇ ಖಾರವನ್ನೂ ಗುರುತಿಸುತ್ತವೆ. ಮದ್ಯ ಆ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹಾಗಾಗಿ ಅದೇ ಶೇಂಗಾ ಬರೀ ಬಾಯಿಗೆ ಹಿತ, ವಿಸ್ಕಿ ಒಂದು ಗುಟುಕು ಆದ ಮೇಲೆ ಬೆಂಕಿ. ಸೋಡಾ ಬೆರೆಸಿದ್ದರೆ ಅದರದ್ದೂ ಒಂದು ಕೈ.

ಜನ ಸೈಡ್ಸ್ ಅಂದ ತಕ್ಷಣ ಖಾರ ಏರಿಸುತ್ತಾರೆ. ನನ್ನ ಲೆಕ್ಕ ಉಲ್ಟಾ. ಅಡುಗೆಮನೆಯಲ್ಲಿ ತಿಂದಾಗ "ಇನ್ನೊಂದು ಚೂರು ಖಾರ ಇರಬೇಕಿತ್ತು" ಅನ್ನಿಸಬೇಕು, ಅಲ್ಲಿಗೆ ನಿಲ್ಲಿಸಿ. ಗ್ಲಾಸಿನ ಪಕ್ಕ ಅದು ತಾನಾಗಿ ಸರಿ ಹೋಗುತ್ತದೆ. ಶೇಂಗಾ ಚೆನ್ನಾಗಿ ಹುರಿದಿದ್ದರೆ ಹೆಚ್ಚು ಖಾರದ ಅಗತ್ಯವೇ ಬರುವುದಿಲ್ಲ. ಹಸಿ ಹಸಿ ಶೇಂಗಾವನ್ನು ಮುಚ್ಚಲು ಖಾರ ಸುರಿಯುವುದು ಅಂಗಡಿಯವರ ಚಾಳಿ.

ಬೆಳ್ಳುಳ್ಳಿ, ಕರಿಬೇವು ಎರಡೇ ದಿನಕ್ಕೆ ಮೆತ್ತಗಾಗಿ ಇಡೀ ಡಬ್ಬಿ ಹಾಳು

ಅವುಗಳೊಳಗೆ ನೀರು ಉಳಿದಿದೆ. ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಹೊನ್ನಿನ ಬಣ್ಣ ಬಂದು ಎಣ್ಣೆಯಲ್ಲಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಕರಿಬೇವನ್ನು ತೊಳೆದ ತಕ್ಷಣ ಹಾಕಬೇಡಿ, ಬಟ್ಟೆ ಮೇಲೆ ಒಂದೆರಡು ಗಂಟೆ ಹರಡಿ. ಎಣ್ಣೆಯಿಂದ ತೆಗೆದ ಎಲೆಯನ್ನು ಬೆರಳಲ್ಲಿ ಹಿಂಡಿದರೆ ಪುಡಿಯಾಗಬೇಕು. ತಿಂಗಳು ಇಡುವ ಉದ್ದೇಶ ಇದ್ದರೆ ಬೆಳ್ಳುಳ್ಳಿ ಹೋಳುಗಳನ್ನು ಎಣ್ಣೆಗೆ ವಾಸನೆ ಬಿಟ್ಟ ಮೇಲೆ ತೆಗೆದುಬಿಡಿ. ಅದನ್ನು ತಿನ್ನಲು ಮನೆಯಲ್ಲಿ ಒಬ್ಬರಾದರೂ ಕಾದಿರುತ್ತಾರೆ.

ಕಡ್ಲಿಹಿಟ್ಟಿನ ಮಸಾಲಾ ಶೇಂಗಾ ಉಂಡಿ ಉಂಡಿ ಆಗ್ತಾವ, ಬಿಡಿಬಿಡಿ ಬರಂಗಿಲ್ಲ

ಹಿಟ್ಟು ಕಲಸುವುದೇ ತಪ್ಪು. ಬಜ್ಜಿ ಹಿಟ್ಟಿನಂತೆ ಕಲಸಿ ಶೇಂಗಾ ಅದರಲ್ಲಿ ಅದ್ದಿದರೆ ಉಂಡೆಯಲ್ಲದೆ ಬೇರೇನು ಆಗಬೇಕು? ಹೀಗೆ ಮಾಡಿ. ಕಾಲು ಕೆಜಿ ಹಸಿ ಶೇಂಗಾಕ್ಕೆ ಒಂದು ಚಮಚ ನೀರು ಚಿಮುಕಿಸಿ ಹೊರಳಿಸಿ, ಸಿಪ್ಪೆ ತೇವ ಆಗಬೇಕು ಅಷ್ಟೇ. ಬೇರೆ ಪಾತ್ರೆಯಲ್ಲಿ ಕಡಲೆಹಿಟ್ಟು 100 ಗ್ರಾಂ, ಅಕ್ಕಿಹಿಟ್ಟು ಎರಡು ದೊಡ್ಡ ಚಮಚ, ಖಾರಪುಡಿ ಒಂದೂವರೆ ಟೀ ಚಮಚ, ಉಪ್ಪು ಒಂದು ಟೀ ಚಮಚ, ಅಜವಾನ ಅರ್ಧ, ಇಂಗು ಚಿಟಿಕೆ, ಒಣಗಿದ ಪುಡಿಯಾಗೇ ಬೆರೆಸಿ. ಆ ಪುಡಿಯ ಅರ್ಧ ಶೇಂಗಾದ ಮೇಲೆ ಉದುರಿಸಿ ಪಾತ್ರೆಯನ್ನು ಕುಲುಕಿ. ಮತ್ತೆ ಸ್ವಲ್ಪ ನೀರು ಚಿಮುಕಿಸಿ, ಉಳಿದದ್ದು ಹಾಕಿ, ಮತ್ತೆ ಕುಲುಕಿ. ಒಟ್ಟು ನೀರು ಮೂರು ನಾಲ್ಕು ದೊಡ್ಡ ಚಮಚ ದಾಟಬಾರದು. ಒಂದೊಂದು ಕಾಳಿಗೂ ಅಂಗಿ ತೊಡಿಸಿದ ಹಾಗೆ ಕಾಣಬೇಕು.

ಎಣ್ಣೆ ಹದವಾಗಿ ಕಾದಿರಲಿ, ಹಿಟ್ಟಿನ ಚೂರು ಹಾಕಿದರೆ ನಿಧಾನ ಮೇಲೆ ಬರಬೇಕು. ಮುಷ್ಟಿ ಮುಷ್ಟಿಯಾಗಿ ಸುರಿಯಬೇಡಿ, ಬೆರಳು ಸಡಿಲ ಬಿಟ್ಟು ಉದುರಿಸಿ. ಮೊದಲ ಅರ್ಧ ನಿಮಿಷ ಜಾಲರಿ ತಾಗಿಸಬೇಡಿ, ಹಿಟ್ಟು ಬಿಟ್ಟುಕೊಳ್ಳುತ್ತದೆ. ಆಮೇಲೆ ತಿರುಗಿಸಿ. ಎಣ್ಣೆಯ ಮೇಲಿನ ಗುಳ್ಳೆಗಳನ್ನೇ ನೋಡುತ್ತಿರಿ: ಮೊದಲು ಜೋರಾಗಿ ಕುದಿಯುತ್ತವೆ, ಅದು ಹಿಟ್ಟಿನ ನೀರು ಆವಿಯಾಗಿ ಹೋಗುವ ಸದ್ದು. ಐದಾರು ನಿಮಿಷಕ್ಕೆ ಗುಳ್ಳೆ ಸಣ್ಣಗಾಗಿ, ವಿರಳವಾಗಿ, ಸದ್ದು ಇಳಿಯುತ್ತದೆ. ಆಗ ತೆಗೆಯಿರಿ. ಗುಳ್ಳೆ ಜೋರಾಗಿರುವಾಗಲೇ ತೆಗೆದರೆ ಹೊರಗೆ ಕೆಂಪಿದ್ದರೂ ರಾತ್ರಿಯೊಳಗೆ ಮೆತ್ತಗಾಗುತ್ತದೆ. ಸೋಡಾ ಪುಡಿ ಹಾಕಬೇಡಿ, ಎಣ್ಣೆ ಕುಡಿಯುತ್ತದೆ.

ಬಾರ್‌ನಲ್ಲಿ ಉಳ್ಳಾಗಡ್ಡಿ, ಟೊಮೇಟೊ ಹಾಕಿ ಕೊಡ್ತಾರಲ್ಲ, ಅದು ಮನೇಲಿ ಯಾಕೆ ಆ ರುಚಿ ಬರಲ್ಲ?

ಯಾಕಂದರೆ ನೀವು ಮುಂಚೆಯೇ ಕಲಸಿಡುತ್ತೀರಿ. ಉಪ್ಪು ಬಿದ್ದ ತಕ್ಷಣ ಟೊಮೇಟೊ ನೀರು ಬಿಡುತ್ತದೆ, ಹತ್ತು ನಿಮಿಷಕ್ಕೆ ಶೇಂಗಾ ನೆನೆಯುತ್ತದೆ. ಟೊಮೇಟೊದ ಬೀಜ, ರಸ ತೆಗೆದು ಬರೀ ಗಟ್ಟಿ ಭಾಗ ಹೆಚ್ಚಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೇರೆ ಬೇರೆ ಬಟ್ಟಲಲ್ಲಿ ಇಡಿ. ಜನ ಕೂತ ಮೇಲೆ, ಪ್ಲೇಟಿಗೆ ಹಾಕುವಾಗಲೇ ಕಲಸಿ ನಿಂಬೆ ಹಿಂಡಿ. ಸಣ್ಣ ಸಣ್ಣ ಪ್ಲೇಟು ಎರಡು ಮೂರು ಸಲ ಮಾಡಿ ಕೊಡುವುದು ಒಂದೇ ದೊಡ್ಡ ಪರಾತ ಇಡುವುದಕ್ಕಿಂತ ಲೇಸು. ಚಾಟ್ ಮಸಾಲಾ ಹಾಕುವುದಾದರೆ ಉಪ್ಪು ಅರ್ಧ ಇಳಿಸಿ.

ಮೈಕ್ರೊವೇವ್, ಏರ್ ಫ್ರೈಯರ್‌ನಲ್ಲಿ ಆಗುತ್ತಾ?

ಆಗುತ್ತದೆ. ಮೈಕ್ರೊವೇವ್‌ಗೆ ಕಾಲು ಕೆಜಿ ಶೇಂಗಾ, ಒಂದು ಟೀ ಚಮಚ ಎಣ್ಣೆ. ಮೊದಲು ಎರಡು ನಿಮಿಷ, ಹೊರಳಿಸಿ, ಆಮೇಲೆ ಒಂದೊಂದೇ ನಿಮಿಷ. ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ನಡುವೆ ರಾಶಿ ಹಾಕದೆ ತಟ್ಟೆಯ ಅಂಚಿನಲ್ಲಿ ಹರಡಿ. ಏರ್ ಫ್ರೈಯರ್‌ಗೆ 160 ಡಿಗ್ರಿ, ಹತ್ತರಿಂದ ಹನ್ನೆರಡು ನಿಮಿಷ, ನಡುನಡುವೆ ಕುಲುಕಿ. ಮಸಾಲೆ ಎರಡರಲ್ಲೂ ಕೊನೆಗೇ. ರುಚಿ ಬಾಣಲೆಯದಕ್ಕೆ ಸಮ ಅಲ್ಲ, ಆದರೆ ಬೇಸಿಗೆಯಲ್ಲಿ ಒಲೆ ಮುಂದೆ ನಿಲ್ಲುವುದಕ್ಕಿಂತ ವಾಸಿ.

ಗೋಡಂಬಿ, ಬಾದಾಮಿ ಸೇರಿಸಿದ್ರೆ?

ಸೇರಿಸಿ, ಆದರೆ ಒಟ್ಟಿಗೆ ಹುರಿಯಬೇಡಿ. ಗೋಡಂಬಿ ಎಲ್ಲಕ್ಕಿಂತ ಬೇಗ ಕೆಂಪಾಗುತ್ತದೆ, ಬಾದಾಮಿ ಎಲ್ಲಕ್ಕಿಂತ ನಿಧಾನ. ಮೂರನ್ನೂ ಬೇರೆ ಬೇರೆ ಹುರಿದು ಮಸಾಲೆ ಹಂತದಲ್ಲಿ ಕೂಡಿಸಿ. ನನ್ನ ಮಟ್ಟಿಗೆ ಗೋಡಂಬಿಗೆ ಮೆಣಸು, ಉಪ್ಪು ಸಾಕು, ಬೆಳ್ಳುಳ್ಳಿ ಖಾರದಲ್ಲಿ ಅದರ ಹಾಲಿನಂಥ ರುಚಿ ಕಳೆದುಹೋಗುತ್ತದೆ. ದುಡ್ಡು ಕೊಟ್ಟು ತಂದು ಮುಚ್ಚಿಹಾಕುವುದು ಯಾಕೆ? ಪುಟಾಣಿ, ಮಂಡಕ್ಕಿ ಬೆರೆಸಿದರೆ ಖರ್ಚೂ ಕಡಿಮೆ, ಪ್ಲೇಟೂ ತುಂಬುತ್ತದೆ.

## ಕೈ ಪಳಗಿದವರ ಪ್ರಶ್ನೆಗಳು

ಉಪ್ಪು ಮೇಲೆ ಮೇಲೆ ಕೂರುತ್ತೆ. ಒಳಗೆ ಇಳಿಸೋದು ಹೇಗೆ?

ಉಪ್ಪುನೀರಲ್ಲಿ ನೆನೆಸಿ. ಒಂದು ಗ್ಲಾಸು, ಅಂದರೆ 200 ಮಿಲಿ ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ. ಸಿಪ್ಪೆ ಸಮೇತ ಶೇಂಗಾ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಬಸಿದು ಬಟ್ಟೆ ಮೇಲೆ ಹರಡಿ. ನಮ್ಮ ಬಿಸಿಲಲ್ಲಿ ಒಂದು ಗಂಟೆಗೆ ಮೇಲಿನ ತೇವ ಹೋಗುತ್ತದೆ. ಆಮೇಲೆ ಹುರಿದರೆ ಉಪ್ಪು ಕಾಳಿನೊಳಗಿಂದಲೇ ಬರುತ್ತದೆ. ಹುರಿಯುವ ಹೊತ್ತು ಸ್ವಲ್ಪ ಜಾಸ್ತಿ ಬೇಕು, ಮೊದಲ ಐದು ನಿಮಿಷ ನೀರು ಆರಲಿಕ್ಕೇ ಹೋಗುತ್ತದೆ. ಇದೇ ನೀರಿಗೆ ಎರಡು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಸೋಸಿ ಹಾಕುವವರೂ ಇದ್ದಾರೆ. ಒಮ್ಮೆ ಮಾಡಿ ನೋಡಿ, ಮೇಲೆ ಏನೂ ಕಾಣುವುದಿಲ್ಲ, ಬಾಯಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಬಂಡಿಯವ್ರು ಉಸುಕಿನ್ಯಾಗ ಹುರಿದ ಶೇಂಗಾದ ರುಚಿನೇ ಬ್ಯಾರೆ. ಮನ್ಯಾಗ ಬರೋ ಹಂಗ ಮಾಡಬಹುದಾ?

ಉಸುಕಿನ ಬದಲು ಹರಳುಪ್ಪು ಬಳಸಿ. ಹಳೇ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಕೆಜಿ ಹರಳುಪ್ಪು ಚೆನ್ನಾಗಿ ಕಾಯಿಸಿ, ಕಾಲು ಕೆಜಿ ಶೇಂಗಾ ಹಾಕಿ ಅಡಿಮೇಲು ಮಾಡುತ್ತಿರಿ. ಬಾಣಲೆಯಲ್ಲಿ ಕಾಳಿಗೆ ಬಿಸಿ ತಾಗುವುದು ತಳದಿಂದ ಮಾತ್ರ. ಉಸುಕು, ಉಪ್ಪಿನಲ್ಲಾದರೆ ಸುತ್ತಲಿಂದಲೂ ತಾಗುತ್ತದೆ, ಅದಕ್ಕೇ ಒಂದೇ ಸಮ ಹುರಿಯುತ್ತದೆ, ಹೊತ್ತೂ ಕಡಿಮೆ ಸಾಕು. ಜರಡಿ ಹಿಡಿದು ಉಪ್ಪು ಬೇರೆ ಮಾಡಿ, ತಣ್ಣಗಾದ ಮೇಲೆ ಡಬ್ಬಿಗೆ ಹಾಕಿಟ್ಟುಕೊಳ್ಳಿ, ಮತ್ತೆ ಮತ್ತೆ ಇದಕ್ಕೇ ಬಳಸಬಹುದು. ನಾನ್‌ಸ್ಟಿಕ್ ಪಾತ್ರೆಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ಎಷ್ಟು ದಿನ ಇಡಬಹುದು? ಫ್ರಿಜ್‌ನಲ್ಲಿಡಬೇಕಾ?

ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಎರಡು ಮೂರು ವಾರ. ಬೆಳ್ಳುಳ್ಳಿ ಹೋಳು ಇದ್ದರೆ ಹತ್ತು ದಿನದೊಳಗೆ ಮುಗಿಸಿ. ನಮ್ಮ ಸೀಮೆಯಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಗಾಳಿ ಒಣ, ಆದ್ದರಿಂದ ಮಳೆಗಾಲ ಬಿಟ್ಟರೆ ಮೆತ್ತಗಾಗುವುದು ಕಡಿಮೆ. ಆದರೆ ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ, ಏಪ್ರಿಲ್ ಮೇ ತಿಂಗಳ ಕಾವಿಗೆ ಅದು ಬೇಗ ಕಮಟುತ್ತದೆ. ಬೆಳಕು, ಗಾಳಿ, ಬಿಸಿ ಮೂರೂ ಅದಕ್ಕೆ ಶತ್ರು. ಗಾಜಿನ ಬಾಟಲಿಯನ್ನು ಕಿಟಕಿಯಲ್ಲಿ ಅಲಂಕಾರಕ್ಕೆ ಇಡಬೇಡಿ. ಪೂರ್ತಿ ತಣ್ಣಗಾಗದೆ ಮುಚ್ಚಳ ಹಾಕಬೇಡಿ.

ಫ್ರಿಜ್‌ನಲ್ಲಿ ಇಡಬೇಕಾದದ್ದು ಹಸಿ ಶೇಂಗಾ. ಬೇಸಿಗೆಯಲ್ಲಿ ಕೆಜಿಗಟ್ಟಲೆ ತಂದಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಳಗಿಡಿ.

ಒಂದೊಂದು ಕಾಳು ಕಹಿ ಕಹಿ. ಹುರಿದರೆ ಸರಿ ಹೋಗಲ್ವಾ?

ಹೋಗುವುದಿಲ್ಲ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಹಸಿರು ಇಲ್ಲವೇ ಬೂದು ಬೂಷ್ಟು ಹಿಡಿದ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಒಂದು ಬಗೆಯ ಬೂಷ್ಟು ಮಾಡುವ ವಿಷ ಅದು, ಲಿವರ್‌ಗೆ ಕೆಟ್ಟದ್ದು. ಹುರಿದರೂ ಕರಿದರೂ ಪೂರ್ತಿ ನಾಶವಾಗುವುದಿಲ್ಲ. ಕಾಳು ಒಣಗುವ ಮೊದಲೇ ಮೂಟೆ ಕಟ್ಟಿದರೆ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಇದು ಜಾಸ್ತಿ. ಹುರಿಯುವ ಮೊದಲು ಮೊರದಲ್ಲಿ ಹಾಕಿ ಐದು ನಿಮಿಷ ಆರಿಸಿ, ಅನುಮಾನ ಬಂದ ಕಾಳು ಎಸೆಯಿರಿ. ಬಾಯಿಗೆ ಕಹಿ ಬಂದರೆ ನುಂಗಬೇಡಿ, ಉಗುಳಿ. ಮರ್ಯಾದೆ ನೋಡುವ ಜಾಗ ಅಲ್ಲ ಅದು.

ಖಾರ ಹತ್ತಿದವರಿಗೆ ತಣ್ಣೀರು ಕೊಟ್ರೂ ಇಳಿಯಲ್ಲ, ಏನು ಕೊಡೋದು?

ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ನೀರು ಅದನ್ನು ಬಾಯಿ ತುಂಬಾ ಹರಡುತ್ತದೆ ಅಷ್ಟೇ. ಬಿಯರ್‌ನಲ್ಲಿ ಹೆಚ್ಚಿನ ಪಾಲು ನೀರೇ, ಅದೂ ಉಪಯೋಗಕ್ಕಿಲ್ಲ. ಹಾಲು, ಮೊಸರು ಕೊಡಿ. ಹಾಲಿನ ಪ್ರೋಟೀನು ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರು ಮೇಜಿನ ಮೇಲೆ ಮೊದಲೇ ಇಟ್ಟಿದ್ದರೆ ಯಾರೂ ಕೇಳುವ ಮುಜುಗರ ಇಲ್ಲ.

ಕರಿದ ಎಣ್ಣೆ ಮತ್ತೆ ಬಳಸಬಹುದಾ?

ಹಿಟ್ಟಿನ ಚೂರು ತಳದಲ್ಲಿ ಸುಟ್ಟಿರುತ್ತದೆ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನದೊಳಗೆ ಪಲ್ಯದ ಒಗ್ಗರಣೆಗೆ ಮುಗಿಸಿ. ಬಣ್ಣ ಕಂದಾಗಿದ್ದರೆ, ನೊರೆ ಬರುತ್ತಿದ್ದರೆ ಚೆಲ್ಲಿ.

ಬಿಪಿ ಇದೆ, ತೂಕನೂ ಜಾಸ್ತಿ. ತಿನ್ನಬಹುದಾ?

100 ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲರಿ, 25 ಗ್ರಾಂ ಪ್ರೋಟೀನು. ಒಂದು ಮುಷ್ಟಿ, ಅಂದರೆ 30 ಗ್ರಾಂ ತಿಂದರೆ 170 ಕ್ಯಾಲರಿ. ತೊಂದರೆ ಶೇಂಗಾದ್ದಲ್ಲ, ಮುಷ್ಟಿ ಎಷ್ಟು ಸಲ ತಟ್ಟೆಗೆ ಹೋಯಿತು ಅನ್ನುವುದು. ಮಾತಿನ ಮಧ್ಯೆ ಲೆಕ್ಕ ಸಿಗುವುದಿಲ್ಲ, ನಿಮ್ಮ ಪಾಲು ಬೇರೆ ಬಟ್ಟಲಿಗೆ ಹಾಕಿಕೊಂಡು ಕೂರಿ. ಬಿಪಿ ಇದ್ದವರಿಗೆ ಉಪ್ಪು ಅರ್ಧ ಮಾಡಿ, ಆಮಚೂರು, ಮೆಣಸು ಏರಿಸಿ, ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ಮಾತು. ಉಪ್ಪು ಬಾಯಾರಿಕೆ ತರುತ್ತದೆ, ಅದಕ್ಕೇ ಎಷ್ಟೋ ಕಡೆ ಉಪ್ಪು ಶೇಂಗಾ ಪುಕ್ಕಟೆ ಕೊಡುತ್ತಾರೆ. ಗ್ಲಾಸಿನ ಪಕ್ಕ ನೀರಿನ ಬಾಟಲಿಯೂ ಇರಲಿ. ಹೊಟ್ಟೆಯಲ್ಲಿ ತಿಂಡಿ ಇದ್ದರೆ ಮದ್ಯ ನಿಧಾನ ಏರುತ್ತದೆ, ಏರುವುದೇ ಇಲ್ಲ ಅಂತ ಅಲ್ಲ. ಗಾಡಿ ಕೀಲಿ ಬೇರೆಯವರ ಕೈಗೆ ಕೊಡಿ.

ಮಕ್ಕಳೂ ಕೈ ಹಾಕ್ತಾವೆ, ಕೊಡಬಹುದಾ?

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಓಡಾಡುತ್ತಾ ತಿನ್ನುವ ಮಕ್ಕಳಿಗಂತೂ ಬೇಡವೇ ಬೇಡ. ಪುಡಿ ಮಾಡಿ ರೊಟ್ಟಿ ಜೊತೆ ಕೊಡಿ. ಕೆಲವರಿಗೆ, ದೊಡ್ಡವರಿಗೂ, ಶೇಂಗಾ ಅಲರ್ಜಿ ಇರುತ್ತದೆ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಹುಡುಕುತ್ತಾ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ.

ಎಲ್ಲರೂ ಚಲೋ ಆಗೇದ ಅಂತಾರ್ರೀ. ಪ್ಯಾಕೆಟ್ ಮಾಡಿ ಮಾರಬೇಕು ಅಂತ ಐತಿ, ಏನೇನು ನೋಡ್ಕೋಬೇಕು?

ಮೊದಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನೋಂದಣಿ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. ಪ್ಯಾಕೆಟ್ ಮೇಲೆ ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನೋಂದಣಿ ಸಂಖ್ಯೆ ಇರಬೇಕು. ಶೇಂಗಾ ಅಲರ್ಜಿ ತರುವ ಪದಾರ್ಥ, ಅದನ್ನು ಬೇರೆಯಾಗಿ ಬರೆಯಬೇಕು.

ರುಚಿಯ ಕಡೆಯಿಂದ ಹೇಳುವುದಾದರೆ, ಮಾರುವುದಕ್ಕೆ ಬೆಳ್ಳುಳ್ಳಿ ಹೋಳು ಬೇಡ, ಎಣ್ಣೆಗೆ ವಾಸನೆ ಇಳಿಸಿ ತೆಗೆಯಿರಿ. ಒಂದು ಪ್ಯಾಕೆಟ್ ಅಡುಗೆಮನೆಯ ಬಿಸಿ ಮೂಲೆಯಲ್ಲಿಟ್ಟು ವಾರಕ್ಕೊಮ್ಮೆ ಒಡೆದು ನೋಡಿ, ಕಮಟು ಯಾವಾಗ ಶುರುವಾಗುತ್ತದೆ ಅಂತ ನಿಮಗೇ ತಿಳಿಯುತ್ತದೆ, ಅದಕ್ಕಿಂತ ಸಾಕಷ್ಟು ಮುಂಚಿನ ದಿನವನ್ನೇ ಪ್ಯಾಕೆಟ್ ಮೇಲೆ ಹಾಕಿ. ಎರಡು ಬಗೆ ಇಡಿ, ಒಂದು ಬರೀ ಬ್ಯಾಡಗಿ, ಇನ್ನೊಂದು ಗುಂಟೂರು ಬೆರೆಸಿದ್ದು. ಮನೆಗೆ ಒಯ್ಯುವವರು ಮೊದಲನೆಯದನ್ನು ಕೇಳುತ್ತಾರೆ, ಸಂಜೆ ಹೊತ್ತು ಬರುವವರು ಎರಡನೆಯದನ್ನು. ಅವರಿಗೂ ಮೊದಲನೆಯದನ್ನೇ ಒಮ್ಮೆ ರುಚಿ ತೋರಿಸಿ.